ಸಿಹಿ ಔಷಧದ ಪಾಲು

ಕಾಂಪೌಂಡರ್ ಸಾಬರ ಬಲಗೈ ಹೆಬ್ಬೆರಳಿನ ಮೇಲೆ ಮೈದಾ ಅಂಟು ಒಣಗಿ ಸದಾ ಸಿಪ್ಪೆ ಏಳುತ್ತಿತ್ತು. ಗುಬ್ಬಿಯ ಡಾಕ್ಟರ ಶಾಪಿನಲ್ಲಿ ಔಷಧದ ಬಾಟಲಿಗೆ ಕಾಗದದ ಪಟ್ಟಿ ಅಂಟಿಸುವುದು ಅವರ ಕೆಲಸ. ಪಟ್ಟಿಯ ಅಂಚನ್ನು ಕತ್ತರಿಯಿಂದ ಹಲ್ಲುಹಲ್ಲಾಗಿ ಕತ್ತರಿಸುತ್ತಿದ್ದರು. ಒಂದು ಹಲ್ಲಿನಿಂದ ಇನ್ನೊಂದಕ್ಕೆ ಒಂದು ಹೊತ್ತಿನ ಔಷಧ. ಖಾಲಿ ಬಾಟಲಿಯೊಂದಕ್ಕೆ ನೀರು ತುಂಬಿ, ಬಂದವರೇ ಒಂದು ಗೆರೆಯಷ್ಟು ಸರಿಯಾಗಿ ಬಗ್ಗಿಸಿ ತೋರಿಸುವವರೆಗೂ ಬಿಡುತ್ತಿರಲಿಲ್ಲ. ಹಾಗಲವಾಡಿಯ ಬಸ್ಸು ತಪ್ಪುತ್ತದೆ ಎಂದು ಜನ ಗೊಣಗಿದರೆ, “ಬಸ್ಸು ನಾಳೆನೂ ಬರ್ತದೆ ಬುಡಿ. ಮಗೀಗೆ ಹೆಚ್ಚುಕಮ್ಮಿ ಆದ್ರೆ ಏನ್ ಮಾಡ್ತೀರಾ?” ಎನ್ನುತ್ತಿದ್ದರು. ಮಹಾ ಕಿರಿಕಿರಿಯ ಮನುಷ್ಯ ಎಂದೇ ನಾವೆಲ್ಲ ತಿಳಿದಿದ್ದೆವು.

ಎಪ್ಪತ್ತರ ದಶಕದ ಶುರುವಿನಲ್ಲಿ ನನ್ನ ತಂಗಿಗೆ ಎದೆ ಕಟ್ಟಿ ಜ್ವರ ಬಂತು. ಅವಳಿಗೆ ಮೂರು ವರ್ಷ, ನನಗೆ ಎಂಟು. ಅವ್ವ ಹೆರಿಗೆಗೆಂದು ಕುಣಿಗಲ್ಲಿನ ತವರಿಗೆ ಹೋಗಿದ್ದರಿಂದ ಔಷಧ ಕುಡಿಸುವ ಜವಾಬ್ದಾರಿ ಅಜ್ಜಿಯದಾಯಿತು. ಅಜ್ಜಿ ಚುರುಕು, ಸಾಬರು ಒಂದೇ ಸಲ ತೋರಿಸಿದ್ದಕ್ಕೆ ಕಲಿತಳು. ಮೂರನೆಯ ದಿನ ತಂಗಿಯ ಜೊತೆ ಬಾಟಲಿಯನ್ನೂ ಒಯ್ದಾಗ ಔಷಧ ಗೆರೆಗೆ ಸರಿಯಾಗಿ ನಿಂತಿತ್ತು. ಸಾಬರು ಅದನ್ನು ಬೆಳಕಿಗೆ ಹಿಡಿದು, ಬೆಂಚಿನ ಮೇಲೆ ಕೂತವರಿಗೆಲ್ಲ ತೋರಿಸಿ, “ನೋಡ್ರವ್ವಾ, ಹಿಂಗೆ ಅಳೀಬೇಕು” ಎಂದರು. ಅಜ್ಜಿ ಬೀಗಿದಳು. ತಂಗಿಯ ಎದೆ ಮಾತ್ರ ಗೊರಗೊರ ಎನ್ನುತ್ತಲೇ ಇತ್ತು. ಔಷಧ ಸರಿಯಾಗಿ ಹೋಗಿದೆಯಲ್ಲ, ಇನ್ನೆರಡು ದಿನ ನೋಡೋಣ ಎಂದರು ಡಾಕ್ಟರು. ಎರಡನೆಯ ದಿನ ತುಮಕೂರಿಗೆ ಕರೆದೊಯ್ಯುವ ದಾರಿಯಲ್ಲೇ ತಂಗಿ ಹೋಗಿಬಿಟ್ಟಳು.

ಮಣ್ಣಿಗೆ ಬಂದಿದ್ದ ಸಾಬರು ನನ್ನ ತಲೆ ಸವರಿ, ಪಾಪು ಔಷಧ ಉಗುಳುತ್ತಿತ್ತೇ ಎಂದು ಕೇಳಿದರು. ಸಿಹಿ ಔಷಧವನ್ನು ಯಾರಾದರೂ ಉಗುಳುತ್ತಾರೆಯೇ? ನಾನೂ ಕುಡಿದಿದ್ದೆ, ಅಣ್ಣನೂ ಕುಡಿದಿದ್ದ, ಹಾಗೆಂದೇ ಹೇಳಿದೆ. ನಮ್ಮ ಮನೆಯಲ್ಲಿ ಬೆಲ್ಲದ ಚೂರು ಸಿಕ್ಕರೂ ಮೂರು ಪಾಲು. ಒಂದು ಮಗುವಿಗೆ ಕೊಟ್ಟು ಇನ್ನೊಂದು ಬಾಯಿ ಬಿಟ್ಟುಕೊಂಡು ನೋಡುವಂತೆ ಮಾಡಬಾರದು ಎಂಬುದು ಅಜ್ಜಿಯ ನೇಮ. ಅವಳು ಗೆರೆಗೆ ಸರಿಯಾಗಿ ಬಗ್ಗಿಸಿ, ಅದನ್ನು ಮೂವರಿಗೂ ಸಮನಾಗಿ ಹಂಚಿದ್ದಳು.

ಸಾಬರು ನನ್ನನ್ನು ಜಗಲಿಯ ಮೂಲೆಗೆ ಕರೆದೊಯ್ದರು.

“ಯಾರ್ ಕುಡೀತಾರೆ ಅಂತ ನಾನೇ ಕೇಳ್ಲಿಲ್ಲ ಕಣವ್ವ. ಅಜ್ಜಿ ಹತ್ರ ಇದನ್ನ ಹೇಳ್ಬ್ಯಾಡ.”

ಆಮೇಲೆ ಅಜ್ಜಿಯ ಬಳಿ ಹೋಗಿ, ಕಾಯಿಲೆ ಮೊದಲೇ ಬಲಿತಿತ್ತು, ನಿಮ್ಮ ಕೈಯಿಂದ ಏನೂ ತಪ್ಪಾಗಿಲ್ಲ ಎಂದರು. ಅಳತೆಯ ವಿಷಯದಲ್ಲಿ ಎಂದೂ ಸುಳ್ಳು ಹೇಳದ ಮನುಷ್ಯ ಅವರು.

ಅಂದಿನಿಂದ ಬಾಟಲಿ ಕೊಡುವಾಗಲೆಲ್ಲ ಕುಡಿಯುವವರು ಎಷ್ಟು ಜನ ಎಂದು ಕೇಳತೊಡಗಿದರು. ಇದೆಂಥ ಪ್ರಶ್ನೆ ಎಂದು ಜನ ನಗುತ್ತಿದ್ದರು. ಒಬ್ಬರೇ ಎಂದು ಹೇಳಿ ಹೋಗಿ, ಹಂಚುವವರು ಹಂಚುತ್ತಲೇ ಇದ್ದರು.

ಎಂಬತ್ತರ ದಶಕದ ಕೊನೆಗೆ ಜ್ವರ ಬಂದ ನನ್ನ ಮಗಳನ್ನು ಎತ್ತಿಕೊಂಡು ಹೋದೆ. ಸಾಬರು ಪಟ್ಟಿ ಅಂಟಿಸಿ ಸುಮ್ಮನೆ ಬಾಟಲಿ ಕೊಟ್ಟರು. ನನ್ನನ್ನು ಯಾಕೆ ಕೇಳಲಿಲ್ಲ ಎಂದೆ.

“ಕೇಳಿ ಕೇಳಿ ಸಾಕಾಯ್ತು ಕಣವ್ವ. ಅನ್ನ ಹಂಚೋ ಕೈ ಔಷಧಾನೂ ಹಂಚ್ತದೆ. ನಾನ್ ಹೇಳಿದ್ರೆ ನಿಲ್ತದಾ?”

ಮರುವರ್ಷ ಅವರು ತೀರಿಕೊಂಡರು. ಅಜ್ಜಿ ಅದಕ್ಕೂ ಮೊದಲೇ, ಯಾವ ಮಗುವಿಗೂ ಭೇದ ಮಾಡಲಿಲ್ಲ ಎಂಬ ನೆಮ್ಮದಿಯಲ್ಲಿ ಕಣ್ಣು ಮುಚ್ಚಿದ್ದಳು. ಆ ನೆಮ್ಮದಿಯನ್ನು ಉಳಿಸಿಕೊಟ್ಟವರು ಸಾಬರು. ತಂಗಿಯ ಪಾಲಿಗೆ ಬಾಯಿ ಒಡ್ಡಿದವಳು ನಾನು. ನನಗೆ ಹೇಳಲು ಅವರ ಬಳಿಯೂ ಯಾವ ಸುಳ್ಳೂ ಇರಲಿಲ್ಲ.