ಬ್ಲೀಚಿಂಗ್ ಪೌಡರಿನ ಪಂಚಾಕ್ಷರಪ್ಪ

ಶಿರಾಳಕೊಪ್ಪದ ಬಸ್‌ಸ್ಟ್ಯಾಂಡಿನ ಹಿಂದೆ ಪಾತ್ರೆ ಅಂಗಡಿ ಇಟ್ಟಿರುವ ಪಂಚಾಕ್ಷರಪ್ಪನಿಗೆ, ತನಗೆ ತಿಳಿಯದ್ದು ಈ ಭೂಮಿಯ ಮೇಲೆ ಏನೂ ಇಲ್ಲವೆಂಬ ನಂಬಿಕೆ. ಕೊರೊನಾ ಬಂತು, ಹೋಯಿತು. ಆ ಕಾಲದಲ್ಲಿ ತಲೆಗೆ ಹತ್ತಿದ ಬ್ಲೀಚಿಂಗ್ ಪೌಡರಿನ ಹುಚ್ಚು ಮಾತ್ರ ಈ ಮಹಾರಾಯನನ್ನು ಬಿಡಲಿಲ್ಲ. ಬೆಳಗಾದರೆ ನೆಲ, ಕಟ್ಟೆ, ಬಾಗಿಲ ಚಿಲಕ, ಅಂಗಳದ ಕಲ್ಲು ಎಲ್ಲವೂ ಆ ನೀರಿನಲ್ಲಿ ಮೀಯಬೇಕು. ಅಪ್ಪಣೆ ಅವನದು, ಒರೆಸುವ ಕೈ ಹೆಂಡತಿ ರಾಜೇಶ್ವರಮ್ಮನದು. ಕುರ್ಚಿಯಲ್ಲಿ ಕುಳಿತು ಮೂಲೆ ಮೂಲೆ ತೋರಿಸುವುದೇ ಅವನ ಕಾಯಕ.

ರಾಜೇಶ್ವರಮ್ಮನ ಅಂಗೈ ಮೊದಲು ಕೆಂಪಾಯಿತು, ಆಮೇಲೆ ಒಡೆಯಿತು. ಸ್ನಾನ ಮಾಡಿ, ಎಡಗೈಯಲ್ಲಿ ಇಷ್ಟಲಿಂಗ ಇಟ್ಟುಕೊಂಡು ಪೂಜೆ ಮುಗಿಸದೆ ಆಕೆ ಎಂದೂ ಒಂದು ಗುಟುಕು ಚಹಾ ಕುಡಿದವಳಲ್ಲ. ಈಗ ಆ ಅಂಗೈಗೆ ನೀರು ತಾಗಿದರೂ ಜೀವ ಹೋಗುವಷ್ಟು ಉರಿ. ಒಂದು ಬೆಳಿಗ್ಗೆ ಕೈ ನಡುಗಿ ಲಿಂಗ ಮಡಿಲಿಗೆ ಜಾರಿತು. ನೆಲಕ್ಕೆ ಬಿದ್ದಿದ್ದರೆ ಏನು ಗತಿ ಎಂದು ಆಕೆ ಅದನ್ನು ಎರಡೂ ಕೈಯಲ್ಲಿ ಬಾಚಿ ಹಿಡಿದಳು.

ವಿಷಯ ಕೇಳಿದ ಗಂಡ ಪೇಪರಿನಿಂದ ತಲೆಯನ್ನೂ ಎತ್ತಲಿಲ್ಲ. "ತಟ್ಟೇಲಿ ಇಟ್ಕಂಡು ಮಾಡು. ಕೈನೇ ಆಗ್ಬೇಕು ಅಂತ ಏನೈತಿ?" ಎಂದ.

ಮರುದಿನವೂ ಆಕೆ ಲಿಂಗವನ್ನು ಉರಿಯುವ ಅಂಗೈಯಲ್ಲೇ ಇಟ್ಟುಕೊಂಡಳು. ಆ ಮಾತಿಗೆ ಅಷ್ಟು ಬೆಲೆ ಇರಲಿಲ್ಲ.

ಆಮೇಲೆ ಪುಣ್ಯಾತ್ಮ ಮೊಬೈಲು ನೋಡಿ ವೈದ್ಯನೂ ಆದ. ನಿಂಬೆಹಣ್ಣು ಹಿಂಡಿಕೋ ಎಂದ. ಹಿಂಡಿಕೊಂಡು ಆಕೆ ಚೀರಿದಳು. ವಿಭೂತಿ ಮೆತ್ತಿದರೆ ಒಣಗುತ್ತದೆ ಎಂದ. ಬಿರುಕು ಇನ್ನಷ್ಟು ಬಾಯಿಬಿಟ್ಟಿತು. ಕಡೆಗೆ ಅವನಿಗೊಂದು ಮಹಾ ಉಪಾಯ ಹೊಳೆಯಿತು. ಬ್ಲೀಚಿಂಗ್ ಬಕೀಟಿಗೇ ಒಂದು ಹಿಡಿ ಅರಿಶಿನ, ಬೇವಿನ ಸೊಪ್ಪು ಹಾಕಿಬಿಟ್ಟರೆ ಕೈ ಸುಡುವ ಮೊದಲೇ ಮದ್ದು ಆಗಿಹೋಗುತ್ತದಂತೆ! ಪಕ್ಕದ ಅಂಗಡಿಯ ಜಯಪ್ಪನನ್ನು ಕರೆಸಿ, ಅವನೆದುರೇ ಕಲಸಿ ತೋರಿಸಿದ. ಅರಿಶಿನ ಕೆಂಪಾಗಿ, ಮರುಕ್ಷಣ ಬಿಳಿಚಿಕೊಂಡು, ಘಾಟೆದ್ದು, ಇಬ್ಬರೂ ಕೆಮ್ಮುತ್ತ ಬೀದಿಗೆ ಓಡಿದರು. ಥೂ, ಇಂಥ ಬುದ್ಧಿಗಿಷ್ಟು ಬೆಂಕಿ ಹಾಕ!

ಅವತ್ತೇ ರಾಜೇಶ್ವರಮ್ಮ ಬಕೀಟು ಮುಟ್ಟುವುದನ್ನು ಬಿಟ್ಟಳು. ಬೇಕಾದವರು ಒರೆಸಿಕೊಳ್ಳಲಿ ಎಂದಳು. ಅಂಗೈಗೆ ಲೋಳೆಸರದ ತಿರುಳು, ಕೊಬ್ಬರಿ ಎಣ್ಣೆ, ಮಲಗುವಾಗ ತಣ್ಣೀರಿನಲ್ಲಿ ತೊಳೆತೊಳೆದು ಬೆಳ್ಳಗಾದ ತುಪ್ಪ. ಜಡೆ ಊರಿನ ತವರುಮನೆಯಲ್ಲಿ ಹಬ್ಬಕ್ಕೆ ಗೋಡೆಗೆ ಸುಣ್ಣ ಬಳಿದು ಕೈ ಸುಟ್ಟುಕೊಂಡಾಗ ಅವ್ವ ಮಾಡುತ್ತಿದ್ದುದು ಇಷ್ಟೇ.

ಪಂಚಾಕ್ಷರಪ್ಪ ಸುಮ್ಮನಿದ್ದಾನೆಯೇ? ಗಂಡಸಿನ ಕೈಗೆ ಇದೆಲ್ಲ ಯಾವ ಲೆಕ್ಕ ಎಂದು, ಪೌಡರು ಇನ್ನೂ ಧಾರಾಳವಾಗಿ ಸುರಿದುಕೊಂಡು ತಾನೇ ಒರೆಸತೊಡಗಿದ. ಆಕೆಯ ಅಂಗೈ ಮೆತ್ತಗಾಗುತ್ತ ಬಂದಂತೆ ಅವನದು ಸೀಳತೊಡಗಿತು.

ಕೊನೆಗೊಂದು ಬೆಳಿಗ್ಗೆ ಪೂಜೆಗೆ ಕುಳಿತವನು ಎಡಗೈಗೆ ಲಿಂಗ ಇಳಿಸುತ್ತಲೇ ಹಲ್ಲು ಕಚ್ಚಿದ. ಜಾರುವ ಲಿಂಗಕ್ಕೆ ಬಲಗೈ ಒಡ್ಡಿದ. ಆ ತುಪ್ಪದ ಬಟ್ಟಲು ಎಲ್ಲಿದೆ ಎಂದು ಮೆಲ್ಲಗೆ ಕೇಳಿದ. ಪಕ್ಕದ ಮಣೆಯಲ್ಲಿ ಪತ್ರೆ ಏರಿಸುತ್ತಿದ್ದ ರಾಜೇಶ್ವರಮ್ಮ ಅತ್ತ ತಿರುಗಲೂ ಇಲ್ಲ. ಆಕೆಯ ಅಂಗೈಯಲ್ಲಿ ಲಿಂಗ ಅಲುಗದೆ ಕುಳಿತಿತ್ತು.

"ತುಪ್ಪ ಯಾಕ್ರೀ? ಅಂಗಡಿ ತುಂಬ ತಟ್ಟೆ ಅದಾವಲ್ಲ, ಒಂದು ತಗಂಡು ಬರ್ರಿ," ಎಂದಳು.