ಕುದುರೆಗೆ ಮುಂಗಡ ಕ್ಷಮಾಪಣೆ

ರೂಪನಗುಡಿ ರಸ್ತೆಯಲ್ಲಿ, ಬಳ್ಳಾರಿ ಮುಗಿದು ಹೊಲಗಳು ಇನ್ನೂ ಶುರುವಾಗದ ಜಾಗದಲ್ಲಿ, ನಾನು ಜನರನ್ನು ಕುದುರೆ ಹತ್ತಿಸುವ ಕೆಲಸ ಮಾಡುತ್ತೇನೆ. ಇಳಿಯುವುದನ್ನು ಹೆಚ್ಚಿನವರು ತಾವಾಗಿಯೇ ಕಲಿಯುತ್ತಾರೆ. ಈ ಮಹಾ ವಿದ್ಯಾಸಂಸ್ಥೆಯ ಆಸ್ತಿಯೆಂದರೆ ಬೇಲಿ ಹಾಕಿದ ಮಣ್ಣಿನ ಮೈದಾನ, ಒಂದು ಬೇವಿನ ಮರ, ಕೆಲವು ಪ್ಲಾಸ್ಟಿಕ್ ಕುರ್ಚಿ, ಮತ್ತು ಆಂಧ್ರದ ಗಡಿಯಾಚೆಯಿಂದ ತಂದ ಒಂದು ಕಂದು ಹೆಣ್ಣುಕುದುರೆ. ಅದಕ್ಕೆ ತೆಲುಗು ಚೆನ್ನಾಗಿ ಬರುತ್ತದೆ. ಕನ್ನಡವೂ ಅರ್ಥವಾಗುತ್ತದೆ, ಆದರೆ ಒಪ್ಪಿಕೊಳ್ಳುವುದಿಲ್ಲ.

ವಿದ್ಯಾರ್ಥಿಗಳಲ್ಲಿ ವಯಸ್ಸಿನ ಭೇದವಿಲ್ಲ. ಹಾಲುಹಲ್ಲು ಬಿದ್ದವರೂ ಬರುತ್ತಾರೆ, ಹಲ್ಲು ಕಟ್ಟಿಸಿಕೊಂಡವರೂ ಬರುತ್ತಾರೆ. ಒಂದು ಸಲ ಭಾನುವಾರದ ತಂಡದಲ್ಲಿ ಇಬ್ಬರು ಹಿರಿಯರಿದ್ದರು. ಒಬ್ಬರು ಸಿರುಗುಪ್ಪದ ಅಕ್ಕಿ ಗಿರಣಿ ಸಾಹುಕಾರರು. ಹೊಟ್ಟೆ ಕರಗಿಸಲು ಡಾಕ್ಟರು ವ್ಯಾಯಾಮ ಹೇಳಿದ್ದರಿಂದ, ಆ ವ್ಯಾಯಾಮವನ್ನು ಕುದುರೆಗೆ ವಹಿಸಿಕೊಡಲು ಬಂದವರು. ಇನ್ನೊಬ್ಬರು ಗಾಂಧಿನಗರದ ನಿವೃತ್ತ ಗಣಿತದ ಟೀಚರಮ್ಮ.

ಟೀಚರಮ್ಮನ ತವರು ಕುರುಗೋಡು. ಚಿಕ್ಕವರಿದ್ದಾಗ ಪಕ್ಕದ ಮನೆಯ ಜಟಕಾ ಕುದುರೆಯ ಮೇಲೆ ಹಿರಿಯರು ಅಣ್ಣಂದಿರನ್ನು ಮಾತ್ರ ಕೂರಿಸುತ್ತಿದ್ದರಂತೆ. ಹೆಣ್ಣುಮಗು ಎಂದು ಇವರಿಗೆ ಹುಲ್ಲು ಹಿಡಿಯುವ ಕೆಲಸ. ಶಾಲೆಯಿಂದ ನಿವೃತ್ತರಾದ ಮೇಲೆ, ಇನ್ನು ಹುಲ್ಲು ಹಿಡಿದದ್ದು ಸಾಕು ಎಂದು ತೀರ್ಮಾನಿಸಿ ನನ್ನಲ್ಲಿಗೆ ಬಂದರು. ನಾನು ಹಗ್ಗ ಹಿಡಿದು ಮುಂದೆ ನಡೆದು ಕೆಲವು ವಾರ ಸುತ್ತಿಸಿದೆ. ಅವರಿಗೆ ಅದರಿಂದ ಸಮಾಧಾನವಿಲ್ಲ.

“ಮಾಸ್ತರ, ಇದು ಸವಾರಿ ಅಲ್ಲ. ನೀವು ನನ್ನ ಮೆರವಣಿಗಿ ತಗೀಲಿಕ್ಕತ್ತೀರಿ,” ಎಂದರು.

ಅಷ್ಟರಲ್ಲಿ ಅವರ ಮನೆಯವರ ಕಡೆಯಿಂದ ಒಂದು ಷರತ್ತು ಬಂತು. ಮುಂದಿನ ಭಾನುವಾರ ಎಲ್ಲರೂ ನೋಡಲು ಬರುತ್ತಾರೆ. ಹಗ್ಗವಿಲ್ಲದೆ ಒಬ್ಬರೇ ಒಂದು ಸುತ್ತು ಹೋದರೆ ಕಲಿಕೆ ಮುಂದುವರಿಯಬಹುದು. ಇಲ್ಲವಾದರೆ ಈ ಹುಚ್ಚು ಬಿಟ್ಟು ಪಾರ್ಕಿನಲ್ಲಿ ವಾಕಿಂಗ್. ಟೀಚರಮ್ಮ ಒಪ್ಪಿಕೊಂಡರು.

ಧೈರ್ಯಕ್ಕೆ ಅವರಲ್ಲಿ ಕೊರತೆಯಿರಲಿಲ್ಲ. ಕೊರತೆಯಿದ್ದದ್ದು ಒದೆಯಲ್ಲಿ. ಕುದುರೆ ಹೊರಡಬೇಕಾದರೆ ಹಿಮ್ಮಡಿಯಿಂದ ಅದರ ಪಕ್ಕೆಗೆ ಮೆಲ್ಲಗೆ ತಾಗಿಸಬೇಕು. ಇವರದು ವೈಷ್ಣವರ ಮನೆ. ದೇವರ ಕೋಣೆಯಲ್ಲಿ ಕುದುರೆ ಮುಖದ ಹಯಗ್ರೀವ ಸ್ವಾಮಿಯೇ ಕೂತಿದ್ದಾನೆ. ಹಿಮ್ಮಡಿ ತಾಗಿದ ಕ್ಷಣವೇ ಕೈ ತಾನಾಗಿ ಕುದುರೆಯ ಕುತ್ತಿಗೆ ಮುಟ್ಟಿ ಕಣ್ಣಿಗೆ ಹೋಗುತ್ತಿತ್ತು, ಯಾರಿಗಾದರೂ ಕಾಲು ತಾಗಿದಾಗ ನಾವೆಲ್ಲ ಮಾಡುವ ಹಾಗೆ. ಲಗಾಮು ಇದ್ದದ್ದು ಅದೇ ಕೈಯಲ್ಲಿ. ಲಗಾಮು ಮೇಲೆದ್ದರೆ ನಿಲ್ಲಬೇಕೆಂದು ಕುದುರೆಗೆ ಕಲಿಸಿದವನು ನಾನೇ. ಹೀಗೆ ಕಾಲು ನಡಿ ಎನ್ನುತ್ತಿತ್ತು, ಭಕ್ತಿ ನಿಲ್ಲು ಎನ್ನುತ್ತಿತ್ತು. ಕುದುರೆ ಒಂದು ಹೆಜ್ಜೆ ಇಟ್ಟು ನಿಂತು, ಕಿವಿ ಹಿಂದೆ ಮಾಡಿ, ಮೇಲಿರುವವರಿಗೆ ನಿಶ್ಚಯವಾಗಿ ಏನು ಬೇಕೆಂದು ಕಾಯುತ್ತಿತ್ತು.

ಕುದುರೆಯ ಚರ್ಮ ದಪ್ಪ ಎಂದೆ. ಅದಕ್ಕೆ ನೋವಾಗುವುದಿಲ್ಲ ಎಂದೆ. ನೋವಿನ ಮಾತಲ್ಲ, ಮರ್ಯಾದೆಯ ಮಾತು ಎಂದರು.

ಭಾನುವಾರ ಬಂತು. ಬೇವಿನ ಮರದಡಿ ಮಗ, ಸೊಸೆ, ಮೊಮ್ಮಗಳು ನ್ಯಾಯಾಧೀಶರಂತೆ ಕುರ್ಚಿ ಹಾಕಿಕೊಂಡು ಕೂತರು. ಟೀಚರಮ್ಮ ಒಂದು ಡಬ್ಬಿ ತುಂಬ ಹಯಗ್ರೀವ, ಅಂದರೆ ಕಡಲೆಬೇಳೆ ಬೆಲ್ಲದ ಆ ಸಿಹಿ, ಕುದುರೆಗೆಂದು ಮಾಡಿ ತಂದಿದ್ದರು. ತುಪ್ಪ ಕುದುರೆಗೆ ಆಗಿಬರುವುದಿಲ್ಲ ಎಂಬ ವೈದ್ಯಕೀಯ ಕಾರಣದ ಮೇಲೆ ನಾನು ಡಬ್ಬಿಯನ್ನು ವಶಪಡಿಸಿಕೊಂಡು, ಕುದುರೆಗೆ ಒಂದು ಚೂರು ಬೆಲ್ಲ ಮಂಜೂರು ಮಾಡಿದೆ.

ಹಗ್ಗ ಬಿಚ್ಚಿದೆ. ಹಿಮ್ಮಡಿ ತಾಗಿತು, ಕೈ ಕಣ್ಣಿಗೆ ಹೋಯಿತು, ಕುದುರೆ ನಿಂತಿತು. ಮತ್ತೊಮ್ಮೆ ಹಾಗೆಯೇ. ಮರದಡಿ ಸೊಸೆ ಮೆಲ್ಲಗೆ ಪಾರ್ಕಿನ ಸಮಯ ವಿಚಾರಿಸತೊಡಗಿದಳು.

ತಮ್ಮ ಸರದಿಗೆ ಕಾದು ಬೇಸತ್ತ ಸಾಹುಕಾರರು ಬೇಲಿಗೆ ಒರಗಿ ಗೊಣಗಿದರು: “ಅಲ್ರಿ ಟೀಚರಮ್ಮ, ಮುಂಜಾನೆ ಎದ್ದು ಭೂಮ್ತಾಯಿಗೆ ಕೈ ಮುಗದು ಕೆಳಗ ಕಾಲಿಡ್ತೀರಿಲ್ಲ? ಆಮ್ಯಾಲ ದಿನಾ ಪೂರ್ತಿ ಆಕಿನ್ನ ತುಳಕೋಂತ ಅಡ್ಡಾಡ್ತೀರಿ. ಹೆಜ್ಜಿಗೊಮ್ಮಿ ಬಗ್ಗಿ ಮುಟ್ತೀರೇನು?”

ಟೀಚರಮ್ಮ ಅವರನ್ನೇ ದಿಟ್ಟಿಸಿ ನೋಡಿದರು, ಹಿಂದಿನ ಬೆಂಚಿನವನೊಬ್ಬ ಎಂದೂ ಇಲ್ಲದೆ ಸರಿ ಉತ್ತರ ಹೇಳಿದಾಗ ನೋಡುವ ಹಾಗೆ. ಆಮೇಲೆ ನನ್ನ ಕೈ ಹಿಡಿದು ಕೆಳಗಿಳಿದರು. ಕಚ್ಚೆಸೀರೆಯ ಸೆರಗು ಸರಿಮಾಡಿಕೊಂಡು ಕುದುರೆಯ ಮುಂದೆ ನಿಂತು, ಎರಡೂ ಕೈಯಿಂದ ಅದರ ಕುತ್ತಿಗೆ ಮುಟ್ಟಿ ಕಣ್ಣಿಗೊತ್ತಿಕೊಂಡರು. ಇವತ್ತಿನದೆಲ್ಲ ಒಟ್ಟಿಗೆ ಕ್ಷಮಿಸು ಎಂದು ಗಟ್ಟಿಯಾಗಿಯೇ ಕೇಳಿದರು. ಮಂಜೂರಾದ ಬೆಲ್ಲವನ್ನು ಆಗಲೇ ಅದರ ಬಾಯಿಗಿಟ್ಟರು. ಕುದುರೆ ಅಗಿಯುತ್ತ ತಲೆಯಾಡಿಸಿತು. ಒಪ್ಪಂದವಾಯಿತು.

ಮತ್ತೆ ಹತ್ತಿದರು. ಹಿಮ್ಮಡಿ ತಾಗಿತು. ಕೈ ಲಗಾಮಿನ ಮೇಲೆಯೇ ಉಳಿಯಿತು. ಕುದುರೆ ಹೊರಟಿತು. ಮೊದಲು ನಡಿಗೆ, ಬೇಲಿಯ ತಿರುವಿನಾಚೆ ಸಣ್ಣ ಓಟ. ಟೀಚರಮ್ಮನ ಬೆನ್ನು ನೆಟ್ಟಗೆ, ಮುಖ ಮಾತ್ರ ಕುರುಗೋಡಿನ ಆ ಹುಡುಗಿಯದು. ಮೊಮ್ಮಗಳು ಕುರ್ಚಿ ಹತ್ತಿ ನಿಂತು ಚಪ್ಪಾಳೆ ತಟ್ಟಿದಳು. ಸುತ್ತು ಮುಗಿದಾಗ ಲಗಾಮು ಹಿಡಿಯಲು ನಾನು ಕರ್ತವ್ಯನಿಷ್ಠೆಯಿಂದ ಕೈ ಚಾಚಿದೆ. ಅವರು ನನ್ನನ್ನು ದಾಟಿಯೇ ಹೋದರು.

“ಹಗ್ಗ ಸುತ್ತಿಡ್ರಿ ಮಾಸ್ತರ. ನಂದಿನ್ನೂ ಮುಗದಿಲ್ಲ.”

ಕುದುರೆಗೇ ಸಾಕೆನಿಸಿ ಮರದಡಿ ನಿಂತಾಗ ಇಳಿದರು. ನನ್ನ ವಶದಲ್ಲಿದ್ದ ಡಬ್ಬಿ ತೆರೆದು, ಸರಿ ಉತ್ತರ ಹೇಳಿದವರಿಗೆಂದು ಮೊದಲ ತುತ್ತು ಸಾಹುಕಾರರಿಗೆ ಕೊಟ್ಟರು. ಡಾಕ್ಟರ ಮಾತನ್ನು ಆ ಹೊತ್ತಿನಲ್ಲಿ ಯಾರೂ ಎತ್ತಲಿಲ್ಲ.

ಅಂದಿನಿಂದ ನನ್ನ ಮೈದಾನದಲ್ಲಿ ಹತ್ತುವ ಮುಂಚೆ ಎಲ್ಲರೂ ಬೆಲ್ಲ ಕೊಟ್ಟು ಕ್ಷಮೆ ಕೇಳುತ್ತಾರೆ. ಕೇಳದವರನ್ನು ಬೆಲ್ಲದ ರುಚಿ ಕಂಡ ಕುದುರೆ ಒಯ್ಯುವುದಿಲ್ಲ. ಸಾಹುಕಾರರ ಕ್ಷಮಾಪಣೆ ಎಲ್ಲರಿಗಿಂತ ಉದ್ದ. ಅವರ ತೂಕ ನೋಡಿದರೆ ಅದು ನ್ಯಾಯವೇ.