ಹತ್ತನೆಯ ಮಾತ್ರೆಗೆ ನಿಲ್ಲುವ ಕೈ

ಶಿಕಾಗೊ ಮತ್ತು ಡೆಟ್ರಾಯಿಟ್ ಸೀಮೆಯ ಕನ್ನಡಿಗರಲ್ಲಿ ವೈದ್ಯರಿದ್ದಾರೆ, ಎಂಜಿನಿಯರರಿದ್ದಾರೆ, ವೀಣೆ, ಕೊಳಲು, ಮೃದಂಗ ಬಲ್ಲವರೂ ಬೇಕಾದಷ್ಟು ಜನರಿದ್ದಾರೆ. ಆದರೆ ಸ್ಪೇನ್ ದೇಶದ ದಕ್ಷಿಣ ಸೀಮೆಯ ಫ್ಲಮೆಂಕೊ ಸಂಗೀತವನ್ನು ತಮ್ಮದಾಗಿಸಿಕೊಂಡು, ಇಪ್ಪತ್ತೇಳು ವರ್ಷ ಶಿಕಾಗೊದ ಒಂದೇ ನೃತ್ಯತಂಡಕ್ಕೆ ಗಿಟಾರ್ ನುಡಿಸಿ, ಈ ಮೇ ತಿಂಗಳಲ್ಲಿ ವೇದಿಕೆಯಿಂದ ನಿವೃತ್ತರಾದವರು ಒಬ್ಬರೇ. ಅವರು ಶ್ರೀ ಕಲ್ಮೇಶ ಬಸಯ್ಯ ಸಾಲಿಮಠ ಅವರು. ಅವರನ್ನು ಕುರಿತು ಬರೆಯಲು ನನಗಿಂತ ಓದಿಕೊಂಡವರು ನೂರು ಜನ ಸಿಗುತ್ತಿದ್ದರು. ನಾನು ಮೈಸೂರಿನಲ್ಲಿ ಏಳನೇ ತರಗತಿ ಮುಗಿಸಿ ಇಲ್ಲಿಗೆ ಬಂದು, ಹೈಸ್ಕೂಲನ್ನು ಅರ್ಧಕ್ಕೆ ಬಿಟ್ಟವನು. ಈ ಅಭಿನಂದನ ಸಂಪುಟದ ಸಂಪಾದಕರೂ ನನ್ನ ತಂದೆಯೂ ಆದ ಬದರೀನಾಥ ಅವರು, "ಒಳ್ಳೇದಷ್ಟೇ ಬರಿಯಪ್ಪ ಸಾಕೇತ್, ಯಾರನ್ನೂ ಬೈಬೇಡ" ಎಂದು ಹೇಳಿ ಈ ಪುಟಗಳನ್ನು ಕೊಟ್ಟಿದ್ದಾರೆ. ಪ್ರಯತ್ನ ಮಾಡುತ್ತೇನೆ.

ಕಲ್ಮೇಶ್ ಅಂಕಲ್ ಹುಟ್ಟಿದ್ದು ಧಾರವಾಡದಲ್ಲಿ. ತಂದೆ ಬಸಯ್ಯನವರು ಭಜನಾ ಮಂಡಳಿಯ ತಬಲಾ ವಾದಕರಾಗಿದ್ದುದರಿಂದ, ಮಗನ ಕೈಗೆ ಅಕ್ಷರಕ್ಕಿಂತ ಮೊದಲು ತಾಳ ಬಂತು. ಸಾವಿರದ ಒಂಬೈನೂರ ಎಂಬತ್ತೆರಡರಲ್ಲಿ ಡೆಟ್ರಾಯಿಟ್ ಬಳಿಯ ಸೌತ್‌ಫೀಲ್ಡಿಗೆ ಓದಲು ಬಂದರು, ಓದು ಮುಗಿಸಿ ವಿಕ್ಸಮ್‌ನಲ್ಲಿ ಕಾರಿನ ಬ್ರೇಕುಗಳ ಬಿಡಿಭಾಗ ಮಾಡುವ ಕಾರ್ಖಾನೆ ಸೇರಿದರು. ಅಲ್ಲಿ ಸಹೋದ್ಯೋಗಿಯೊಬ್ಬನ ಕಾರಿನಲ್ಲಿ ಫ್ಲಮೆಂಕೊ ಕ್ಯಾಸೆಟ್ ಒಂದನ್ನು ಕೇಳಿ, ಬೆರಳ ಮೇಲೆ ಎಣಿಸಿದರಂತೆ. ತಾಳದ ಒಂದು ಸುತ್ತಿಗೆ ಹನ್ನೆರಡು ಮಾತ್ರೆ! ತಬಲಾದ ಏಕತಾಳಕ್ಕೂ ಹನ್ನೆರಡೇ. ಇದು ನಮ್ಮದೇ ಎಂದುಕೊಂಡು ಮರುವಾರವೇ ಗಿಟಾರ್ ಕೊಂಡರು. ಅವರ ಜೀವಮಾನದ ದೊಡ್ಡ ತಪ್ಪು ಅಲ್ಲಿಂದ ಶುರುವಾಯಿತು. ಅಂಥ ತಪ್ಪನ್ನು ಮಾಡಲು ಧಾರವಾಡದ ತಬಲಾ ಮನೆಯಲ್ಲೇ ಹುಟ್ಟಿರಬೇಕು.

ಮುಂದಿನ ಹನ್ನೆರಡು ಹದಿಮೂರು ವರ್ಷ ಡೆಟ್ರಾಯಿಟ್ ಸುತ್ತಲಿನ ಹೋಟೆಲುಗಳಲ್ಲಿ ಒಬ್ಬರೇ ಕೂತು ನುಡಿಸಿದರು. ವೇಗ ಅಂದರೆ ವೇಗ. ಪ್ರತಿ ಆವರ್ತನದ ಕೊನೆಗೂ ಒಂದೇ ಪಲುಕನ್ನು ಮೂರು ಸಲ ಹೊಡೆದು, ಒಂದನೆಯ ಮಾತ್ರೆಗೆ ಧೊಪ್ಪನೆ ಬಂದು ಬೀಳುವ ತಬಲಾದವರ ತಿಹಾಯಿ. ಜನ ತಟ್ಟೆ ಬಿಟ್ಟು ಚಪ್ಪಾಳೆ ತಟ್ಟುತ್ತಿದ್ದರು. ನಮ್ಮ ಕನ್ನಡದವರು ಮಾತ್ರ ತಮ್ಮ ಸಮಾರಂಭಗಳಲ್ಲಿ ಬಹುಮಾನ ವಿತರಣೆಗೂ ವಂದನಾರ್ಪಣೆಗೂ ನಡುವೆ ಐದು ನಿಮಿಷ ಕೊಟ್ಟು, "ಯಾವುದಾದ್ರೂ ಒಂದು ಭಜನೆ ಹೊಡೀರಿ ಸಾರ್, ಫ್ಯೂಷನ್ ಥರ" ಎನ್ನುತ್ತಿದ್ದರು. ಈ ಐದು ನಿಮಿಷ ಮೊನ್ನೆ ಮೊನ್ನೆಯವರೆಗೂ ಬೆಳೆಯಲಿಲ್ಲ. ಆ ಐದು ನಿಮಿಷದಲ್ಲೂ ಮೈಕ್ ಸರಿಮಾಡದವರ ಹೆಸರುಗಳು ನನ್ನಲ್ಲಿವೆ. ತಂದೆಯವರ ಮಾತಿಗೆ ಕಟ್ಟುಬಿದ್ದು ಬರೆಯುತ್ತಿಲ್ಲ. ಅಂಕಲ್ ಭಜನೆಯನ್ನೂ ನುಡಿಸಿ ಬರುತ್ತಿದ್ದರು. ನಾನು ರೇಗಿದರೆ, "ಪ್ರೀತಿಲೇ ಕೇಳ್ಯಾರೋ ತಮ್ಮಾ. ಸಿಟ್ಟಿಗೇಳಾಕ ನನಗ ಟೈಮ್ ಇಲ್ಲ, ನೀ ಇದ್ದಿಯಲ್ಲ" ಎನ್ನುತ್ತಿದ್ದರು.

ತೊಂಬತ್ತೆಂಟರಲ್ಲಿ ಶಿಕಾಗೊದ ನರ್ತಕಿ ಮಾರಿಸೋಲ್ ತಮ್ಮ ತಂಡಕ್ಕೆ ಗಿಟಾರಿನವರನ್ನು ಹುಡುಕುತ್ತಿದ್ದಾರೆಂದು ತಿಳಿದು ಅಂಕಲ್ ಅಲ್ಲಿಗೆ ಹೋದರು. ಅಭ್ಯಾಸಕ್ಕೆ ಮಾರಿಸೋಲ್ ಆರಿಸಿಕೊಂಡದ್ದು ಸೊಲೆಯಾ ಎಂಬ, ಹನ್ನೆರಡು ಮಾತ್ರೆಯ ನಿಧಾನಗತಿಯ ಪ್ರಕಾರ. ಮೊದಲ ದಿನದ ಅಭ್ಯಾಸದಲ್ಲಿ ನಡೆದದ್ದನ್ನು ಅಂಕಲ್ ಎಷ್ಟೋ ಸಲ ನಗುತ್ತಾ ಹೇಳಿದ್ದಾರೆ. "ಆಕಿ ಕುಣಿಯೂದು ಬಿಟ್ಟು ನಿಂತಬಿಟ್ಳು. ನಾ ಹತ್ತಕ್ಕ ಮುಗಿಸೇನಿ, ನೀ ಇನ್ನೂ ಯಾರ ಕೂಡ ಮಾತಾಡಾಕತ್ತಿ ಅಂದ್ಲು."

ಸೊಲೆಯಾದಲ್ಲಿ ಮಾತು ಹತ್ತನೆಯ ಮಾತ್ರೆಗೆ ಮುಗಿಯುತ್ತದೆ. ಮಾರಿಸೋಲ್ ಅವರ ಪದ್ಧತಿಯಲ್ಲಿ ಹನ್ನೊಂದು, ಹನ್ನೆರಡು ಖಾಲಿ. ನಮ್ಮವರು ಆ ಖಾಲಿಯ ತುಂಬ ತಿಹಾಯಿ ಸುರಿದು, ಒಂದಕ್ಕೆ ಬಂದು ಬೀಳುತ್ತಿದ್ದರು. ಹದಿಮೂರು ವರ್ಷ ಹೀಗೆ ನುಡಿಸಿ ಚಪ್ಪಾಳೆ ಪಡೆದ ನಲವತ್ತರ ಗಂಡಸು ಏನು ಮಾಡಬೇಕು? ನಾನಾಗಿದ್ದರೆ ಗಿಟಾರ್ ಎತ್ತಿಕೊಂಡು ಬಾಗಿಲು ಬಡಿದು ಹೊರಟುಬಿಡುತ್ತಿದ್ದೆ. ಅವರು ಇನ್ನೂರೈವತ್ತು ಮೈಲಿ ವಾಪಸ್ ಡ್ರೈವ್ ಮಾಡಿ, ಚಳಿಗಾಲ ಪೂರ್ತಿ ಒಂದೇ ಒಂದು ಕೆಲಸ ಮಾಡಿದರು: ಹತ್ತು ನುಡಿಸುವುದು, ಬಲಗೈ ತಂತಿಯಿಂದ ಎತ್ತಿ ಗಿಟಾರಿನ ಮರದ ಮೇಲೆ ಇಡುವುದು, ಸುಮ್ಮನಿರುವುದು. ಅವರ ಪತ್ನಿ, ವೈದ್ಯೆ ವರ್ಷಾ ಆಂಟಿ ಇಂದಿಗೂ ದೂರುತ್ತಾರೆ, "ಆ ವರ್ಷ ಊಟಕ್ಕ ಕುಂತಾಗ ಉಪ್ಪು ಕೇಳಿದ್ರೂ ಎರಡು ಮಾತ್ರಿ ಬಿಟ್ಟು ಕೊಡ್ತಿದ್ರು."

ಮಾರ್ಚಿನಲ್ಲಿ ಮತ್ತೆ ಹೋದರು. ಆಮೇಲಿನ ಇಪ್ಪತ್ತೇಳು ವರ್ಷ ಅವರ ಕಣ್ಣು ಕೇಳುಗರ ಮುಖದ ಮೇಲಿರಲಿಲ್ಲ, ಮಾರಿಸೋಲ್ ಅವರ ಪಾದದ ಮೇಲಿತ್ತು. ಬೇರೆಯವರ ಕಾಲಿಗೆ ನುಡಿಸುವುದೇ ದೊಡ್ಡ ಸಂಗೀತ ಎಂದು ಅವರಿಗೆ ಅನ್ನಿಸಿದ್ದು ಅಲ್ಲಿ.

ಅಭ್ಯಾಸಕ್ಕೆ ಬಂದ ಶನಿವಾರಗಳಲ್ಲಿ ಅಂಕಲ್ ಶಿಕಾಗೊ ಬಳಿಯ ಪ್ಲೇನ್‌ಫೀಲ್ಡಿನ ನಮ್ಮ ಮನೆಯಲ್ಲಿ ಉಳಿಯುತ್ತಿದ್ದರು. ನಾನು ಶಾಲೆ ಬಿಟ್ಟ ವರ್ಷ ಮನೆಗೆ ಬಂದವರೆಲ್ಲ ಯಾಕೆ ಬಿಟ್ಟೆ ಎಂದು ವಿಚಾರಣೆ ಮಾಡಿದರು. ಅವರೊಬ್ಬರೇ ಕೇಳಲಿಲ್ಲ. ಬೇಸ್‌ಮೆಂಟಿಗೆ ಇಳಿದು ಬಂದು, "ಕೈ ಕೊಡು, ಚಪ್ಪಾಳಿ ಹೊಡಿ" ಎಂದರು, ಅಷ್ಟೆ. ಫ್ಲಮೆಂಕೊದಲ್ಲಿ ಚಪ್ಪಾಳೆಯೂ ಒಂದು ವಾದ್ಯ. ಒಂದು ವರ್ಷ ಗಿಟಾರ್ ಮುಟ್ಟಿಸದೆ ಬರೀ ಚಪ್ಪಾಳೆ ಹೊಡೆಸಿದರು. ಮುಂದೆ ವಿಕ್ಸಮ್‌ನ ತಮ್ಮ ಕಾರ್ಖಾನೆಗೆ ನನ್ನನ್ನು ಕರೆದೊಯ್ದಾಗ ಫೋರ್‌ಮನ್, ಇವನ ಹತ್ತಿರ ಏನಿದೆ ಎಂದು ಕೇಳಿದ. ಲೆಕ್ಕ ತಪ್ಪದೆ ಹನ್ನೆರಡರವರೆಗೆ ಎಣಿಸುತ್ತಾನೆ, ಅದು ನನಗೇ ಬರುತ್ತಿರಲಿಲ್ಲ ಎಂದರು. ನಾನು ಅಲ್ಲೇ ಈಗಲೂ ಗ್ರೈಂಡಿಂಗ್ ಯಂತ್ರ ನಡೆಸುತ್ತಿದ್ದೇನೆ.

ಎರಡು ವರ್ಷದ ಹಿಂದೆ ಅವರ ಬಲಗೈಯ ಉಂಗುರದ ಬೆರಳು ತಾನಾಗಿ ಒಳಕ್ಕೆ ಮಡಚತೊಡಗಿತು. "ಬೆರಳಿಗೆ ಏನೂ ಆಗಿಲ್ಲೋ, ಮಿದುಳಿಂದ ಬೆರಳಿಗೆ ಹೋಗೋ ಸುದ್ದಿ ಕೆಟ್ಟೈತಿ" ಎಂದು ವರ್ಷಾ ಆಂಟಿ ತಿಳಿಸಿ ಹೇಳಿದರು. ತಜ್ಞರು, ಅದು ವಾಪಸ್ ಬರುವ ಭರವಸೆ ಇಲ್ಲ ಎಂದರು. ಕಳೆದ ಚಳಿಗಾಲಕ್ಕೆ ಪಕ್ಕದ ಬೆರಳೂ ಅದರ ಹಿಂದೆ ಹೊರಟಿತು. ಮೇ ತಿಂಗಳ ಕಾರ್ಯಕ್ರಮವೇ ಅವರ ಕೊನೆಯದೆಂದು ಆಗಲೇ ನಿಶ್ಚಯವಾಗಿತ್ತು. ಅಂಕಲ್ ನನ್ನಿಂದ ಒಂದೇ ಮಾತು ತೆಗೆದುಕೊಂಡರು. "ಮಾರಿಸೋಲ್‌ಗೆ ಹೇಳಬ್ಯಾಡ. ಗೊತ್ತಾದ್ರ ಬ್ಯಾರೇದವ್ರನ್ನ ಕರಸ್ತಾಳ. ಕಡೇ ಸೊಲೆಯಾ ನಾನ ನುಡಸಬೇಕು."

ನಾನು ಮಾತು ಉಳಿಸಿಕೊಳ್ಳಲಿಲ್ಲ. ನಾನೂ ಚಪ್ಪಾಳೆಗೆಂದು ಹೋಗಿದ್ದ ಏಪ್ರಿಲ್‌ನ ಒಂದು ಅಭ್ಯಾಸದಲ್ಲಿ ಮಾರಿಸೋಲ್, ಕಲ್ಮೇಶ್ ಇತ್ತೀಚೆಗೆ ಎಷ್ಟು ಕಡಿಮೆ ನುಡಿಸುತ್ತಾನೆ ನೋಡು ಎಂದು ತಂಡದವರ ಮುಂದೆ ಹೇಳಿದಾಗ ನನಗೆ ತಡೆಯಲಾಗಲಿಲ್ಲ. ಅಂಕಲ್ ಹೊರಗೆ ಹೋದ ಮೇಲೆ, ಅವರ ಬೆರಳು ಸತ್ತಿದೆ, ನಿಮಗೆ ಕಣ್ಣಿಲ್ಲವೇ ಎಂದು ಕೂಗಾಡಿದೆ. ಮಾರಿಸೋಲ್ ಬೂಟಿನ ಪಟ್ಟಿ ಬಿಗಿಯುತ್ತಾ ಹೇಳಿದ್ದು ಇಷ್ಟು: ನನಗೆ ಒಂದು ವರ್ಷದಿಂದ ಗೊತ್ತು. ಅವನ ಹೆಬ್ಬೆರಳು ಸರಿಯಾಗಿದೆ. ನಾನು ಅದಕ್ಕೆ ಕುಣಿಯುತ್ತಿದ್ದೇನೆ. ನಾನು ಹೇಳಿದ್ದು ದೂರಲ್ಲ, ಹೊಗಳಿಕೆ. ಬೇರೆಯವರನ್ನು ಕರೆಸುವ ಯೋಚನೆಯೇ ಅವರಿಗೆ ಬಂದಿರಲಿಲ್ಲ.

ನಾನು ಬಾಯಿಬಿಟ್ಟಿದ್ದನ್ನು ವಾಪಸ್ ಬರುವಾಗ ಕಾರಿನಲ್ಲೇ ಒಪ್ಪಿಕೊಂಡೆ. ಅಂಕಲ್, "ಹಂಗಾರ ಒಂದು ವರ್ಷ ಸುಳ್ಳಽ ಬೆರಳ ಮುಚಗೊಂಡು ಕುಂತಿದ್ನ್ಯಾ?" ಎಂದು ನಕ್ಕರು. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮೇ ತಿಂಗಳ ಆ ಭಾನುವಾರ ಮಧ್ಯಾಹ್ನ ಸಭಾಂಗಣ ತುಂಬಿತ್ತು. ಪಕ್ಕದಲ್ಲಿ ಚಪ್ಪಾಳೆಗೆ ಕೂತವನು ನಾನು. ಅಂಕಲ್ ಮೂರು ಬೆರಳುಗಳನ್ನು ಗಿಟಾರಿನ ಮರಕ್ಕೆ ಊರಿ, ಹೆಬ್ಬೆರಳೊಂದರಿಂದಲೇ ಇಡೀ ಸೊಲೆಯಾ ನುಡಿಸಿದರು. ಹೋಟೆಲಿನ ಕಾಲದ ಆ ವೇಗದಲ್ಲಿ ಒಂದು ಚೂರೂ ಉಳಿದಿರಲಿಲ್ಲ, ಹೋದದ್ದು ಗೊತ್ತೂ ಆಗಲಿಲ್ಲ. ಒಂದೊಂದು ಸ್ವರವೂ ಮಾರಿಸೋಲ್ ಅವರ ಹಿಮ್ಮಡಿಯ ಕೆಳಗೆ ಇಟ್ಟ ಮೆಟ್ಟಿಲಿನಂತಿತ್ತು. ಕೊನೆಯದೆನ್ನಿಸಿದ ಆವರ್ತನದ ಹತ್ತಕ್ಕೆ ಅವರ ಕಾಲು ನಿಂತಿತು, ಇವರ ಕೈ ನಿಂತಿತು. ಹನ್ನೊಂದು. ಮುಂದಿನ ಸಾಲಿನಲ್ಲಿ ನಮ್ಮ ತಂದೆಯವರು ಮುಗಿಯಿತೆಂದು ಚಪ್ಪಾಳೆಗೆ ಎರಡೂ ಕೈ ಎತ್ತಿದ್ದನ್ನೂ, ಪಕ್ಕದಲ್ಲಿದ್ದ ನಮ್ಮಮ್ಮ ಇಂದುಮತಿ, "ಸ್ವಲ್ಪ ತಡೀರಿ" ಎಂದು ಆ ಕೈ ಹಿಡಿದು ಕೆಳಗಿಳಿಸಿದ್ದನ್ನೂ ನಾನು ವೇದಿಕೆಯಿಂದ ಕಂಡೆ. ಹನ್ನೆರಡು. ಹೆಬ್ಬೆರಳು ಮತ್ತೆ ತಂತಿಗೆ ಇಳಿಯಿತು, ಎಲ್ಲರೂ ಮುಗಿಯಿತೆಂದುಕೊಂಡಿದ್ದ ನೃತ್ಯ ಇನ್ನೊಂದು ಸುತ್ತು ನಡೆಯಿತು.

ಈಗ ಅವರು ಶನಿವಾರಗಳಂದು ವಿಕ್ಸಮ್‌ನ ಮನೆಯಲ್ಲಿ ಹೆಬ್ಬೆರಳಿಗೆಂದೇ ಹೊಸ ಪಾಠಗಳನ್ನು ಕಟ್ಟುತ್ತಿದ್ದಾರೆ. ಮೊದಲ ಪಾಠ ಮಾತ್ರ ಇಂದಿಗೂ ಚಪ್ಪಾಳೆಯೇ. ಅವರಿಗೂ ವರ್ಷಾ ಆಂಟಿಗೂ ಆಯುರಾರೋಗ್ಯ ಕೂಡಿ ಬರಲಿ, ಇನ್ನೂ ಬಹಳ ಕಾಲ ಆ ಮನೆಯಲ್ಲಿ ತಂತಿ ಮೀಟುವ ಸದ್ದಿರಲಿ, ಉಪ್ಪು ಕೇಳಿದ ಕೂಡಲೇ ಸಿಗುವಂತಾಗಲಿ ಎಂದು ಹಾರೈಸುತ್ತೇನೆ. ನಿವೃತ್ತಿಯೆಂದು ಸಂಪುಟ ತರುತ್ತಿರುವ ಹಿರಿಯರೆಲ್ಲರೂ ಚಪ್ಪಾಳೆಗೆ ಕೈ ಎತ್ತಿದ್ದೀರಿ, ಸಂತೋಷ. ಸ್ವಲ್ಪ ತಡೀರಿ. ಅವರಿನ್ನೂ ಹನ್ನೊಂದರಲ್ಲಿದ್ದಾರೆ.